ಪಾಳಿ ಹಲಗೆ ಇಳಿದ ಭಾನುವಾರ

ಕಣ್ಣಾರೆ ನೋಡದಿದ್ದರೆ ನಾನಂತೂ ನಂಬುತ್ತಿರಲಿಲ್ಲ. ಒಂಬತ್ತು ಕೆಂಪು ದಾರದ ಮನುಷ್ಯ ಭಾನುವಾರ ಬೆಳಗ್ಗೆ ಆರೂಕಾಲಿಗೆ ಚರ್ಚಿನ ಮೆಟ್ಟಿಲ ಮೇಲೆ ನಿಂತಿದ್ದ! ಅದೂ ಯಾರೂ ಹೇಳದೆ, ಯಾರೂ ಹೆದರಿಸದೆ, ಬಗಲಲ್ಲಿ ಸ್ವಂತ ಪೊರಕೆ ಇಟ್ಟುಕೊಂಡು! ನಾನು ಎದುರು ಅಂಗಡಿಯ ಕಿಟಕಿಯಲ್ಲಿ ನಿಂತು ಕಣ್ಣುಜ್ಜಿಕೊಂಡೆ. ಕನ್ನಡಕ ಒರೆಸಿ ಮತ್ತೆ ನೋಡಿದೆ. ಅವನೇ.

ಇರಿ, ಅವಸರದಲ್ಲಿ ಬಾಲದಿಂದ ಶುರು ಮಾಡಿಬಿಟ್ಟೆ. ಮೊದಲಿನಿಂದ ಹೇಳುತ್ತೇನೆ.

ನಾನು ಹೊಲಿಗೆಯವಳು. ಕತ್ತಿನಲ್ಲಿ ಸದಾ ಅಳತೆ ಟೇಪು ನೇತಾಡುವುದರಿಂದ ಬೀದಿಯವರೆಲ್ಲ ನನ್ನನ್ನು ಟೇಪಕ್ಕ ಎನ್ನುತ್ತಾರೆ. ಬೆನ್ನ ಹಿಂದೆ ಬೇರೆ ಏನೇನೋ ಅನ್ನುತ್ತಾರಂತೆ, ಅದು ನನಗೆ ಬೇಡ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಸುಳ್ಳು ಹೇಳಿ ಏನು ಪ್ರಯೋಜನ? ನಮ್ಮ ಯಜಮಾನರದು ಬೀಗದ ಕೆಲಸ. ಇಬ್ಬರಿಗೂ ಒಂದೇ ಅಂಗಡಿ. ಬಾಗಿಲ ಎಡಕ್ಕೆ ನನ್ನ ಹೊಲಿಗೆ ಮಿಷನ್ನು, ಬಲಕ್ಕೆ ಅವರ ಕೀ ಉಜ್ಜುವ ಮಿಷನ್ನು, ಮೇಲೆ ಮನೆ. ರಸ್ತೆ ದಾಟಿದರೆ ಹದಿನಾಲ್ಕು ಹೆಜ್ಜೆಗೆ ನಮ್ಮ ಚರ್ಚು. ಚಿಕ್ಕದು. ಮುಂದೆ ಮೂರು ಮೆಟ್ಟಿಲ ಜಗಲಿ, ದಪ್ಪ ಮರದ ಬಾಗಿಲು, ಒಳಗೆ ಇಪ್ಪತ್ತು ಬೆಂಚು, ಮೂಲೆಯಲ್ಲಿ ಗಂಟೆಯ ಹಗ್ಗ.

ಆ ಜಗಲಿಯ ಗೋಡೆಯ ಮೇಲೆ ಹದಿನೆಂಟು ವರ್ಷದಿಂದ ನನ್ನ ಪಾಳಿ ಹಲಗೆ ತೂಗುತ್ತಿತ್ತು. ನನ್ನದು ಅಂತಲೇ ಹೇಳುತ್ತೇನೆ, ಯಾಕೆಂದರೆ ಯೋಚನೆಯೂ ನನ್ನದು, ನಿಯಮವೂ ನನ್ನದು. ಸಭೆಯಲ್ಲಿರುವುದು ನಲವತ್ತೆರಡು ಮನೆ. ಹಲಗೆಯ ಮೇಲೆ ಮನೆಗೊಂದು ಹಿತ್ತಾಳೆ ಬಿಲ್ಲೆ. ಕೀಗೊಂಚಲಿಗೆ ಹಾಕುವಂಥ ಬಿಲ್ಲೆಗಳು. ಯಜಮಾನರೇ ಒಂದೊಂದರ ಮೇಲೂ ಉಳಿಯಿಂದ ಹೆಸರು ಕುಟ್ಟಿ ಕೊಟ್ಟಿದ್ದರು. ಗುಡಿಸುವುದು, ಬೆಂಚು ಒರೆಸುವುದು, ನೀರು ತುಂಬುವುದು, ಗಂಟೆ ಬಾರಿಸುವುದು, ಶೌಚಾಲಯ ತೊಳೆಯುವುದು, ತಿಂಗಳ ಮೊದಲ ಭಾನುವಾರ ಎಲ್ಲರೂ ಮುರಿದು ಹಂಚಿಕೊಂಡು ತಿನ್ನುವ ಕರ್ತನ ಭೋಜನಕ್ಕೆ ರೊಟ್ಟಿ ತರುವುದು. ಯಾವ ಕೆಲಸದ ಮೊಳೆಗೆ ಯಾರ ಬಿಲ್ಲೆ ಹಾಕುತ್ತೇನೋ ಆ ವಾರ ಅದು ಅವರ ಪಾಳಿ. ತಪ್ಪಿಸಿದರೆ ಬಿಲ್ಲೆಗೆ ಒಂದು ಕೆಂಪು ದಾರ. ದಾರ ಕಟ್ಟುವವಳು ನಾನು. ಮೊದಲು ದಾರ, ಆಮೇಲೆ ಕಾರಣ. ಕಾರಣ ಕೇಳುತ್ತ ಕೂತರೆ ಯಾರ ಹತ್ತಿರ ಕಾರಣ ಇರುವುದಿಲ್ಲ ಹೇಳಿ?

ಹಲಗೆ ಚೆನ್ನಾಗಿಯೇ ನಡೆಯಿತು. ಹೆದರಿಕೆಗೆ ಎಲ್ಲರೂ ಬರುತ್ತಿದ್ದರು. ಮುಖ ಗಂಟಿಕ್ಕಿಕೊಂಡು ಗುಡಿಸುತ್ತಿದ್ದರು, ಆದರೆ ಗುಡಿಸುತ್ತಿದ್ದರು. ನರ್ಸಮ್ಮನ ಬಿಲ್ಲೆಗೆ ನಾಲ್ಕು ದಾರ, ಗಾಜು ಕತ್ತರಿಸುವವರದಕ್ಕೆ ಎರಡು. ಕೊಳಾಯಿ ರಿಪೇರಿಯವನದು ಒಂಬತ್ತು. ಅವನ ಬಿಲ್ಲೆಯನ್ನು ದೂರದಿಂದ ನೋಡಿದರೆ ಕೆಂಪು ಕುಚ್ಚು ಕಟ್ಟಿದ ಹಾಗಿತ್ತು. ಅವನು ಅದನ್ನೇ ಹೆಮ್ಮೆಯಿಂದ ಎಲ್ಲರಿಗೂ ತೋರಿಸುತ್ತಿದ್ದ, ಭಂಡ.

ಇನ್ನೊಂದು ಬಿಲ್ಲೆ ಇತ್ತು. ಅದಕ್ಕೆ ಒಂದೇ ಒಂದು ದಾರ. ಅದು ನನ್ನ ಒಡಹುಟ್ಟಿದ ತಂಗಿಯದು.

ಅವಳಿಗೆ ಬೇಕರಿಯಲ್ಲಿ ಒಲೆಯ ಮುಂದಿನ ಕೆಲಸ. ಮದುವೆಯಾಗಲಿಲ್ಲ, ಒಬ್ಬಳೇ ಇರುತ್ತಾಳೆ. ನಾನೇ ಎತ್ತಿ ಆಡಿಸಿದವಳು, ನನಗೆ ಈಗಲೂ ಪುಟ್ಟಿ. ಆರು ವರ್ಷದ ಹಿಂದೆ ಒಂದು ಮೊದಲ ಭಾನುವಾರ ರೊಟ್ಟಿಯ ಪಾಳಿ ಅವಳದಿತ್ತು. ಮೇಜಿಗೆ ಬಿಳಿ ಬಟ್ಟೆ ಹಾಸಿ, ಬಟ್ಟಲಿಟ್ಟು ಎಲ್ಲರೂ ಕಾದದ್ದೇ ಬಂತು, ರೊಟ್ಟಿ ಬರಲಿಲ್ಲ. ನನಗೆ ತಲೆಯೆತ್ತಲಾಗಲಿಲ್ಲ. ಟೇಪಕ್ಕನ ತಂಗಿಗೆ ಬೇರೆ ನಿಯಮವಾ ಎಂದು ಯಾರಾದರೂ ಅಂದುಬಿಟ್ಟರೆ? ಆರಾಧನೆ ಮುಗಿಯುವ ಮೊದಲೇ ಹೊರಗೆ ಬಂದು ಅವಳ ಬಿಲ್ಲೆಗೆ ದಾರ ಬಿಗಿದೆ. ಮಧ್ಯಾಹ್ನ ಅವಳು ಬಂದಳು. ಬಲಗೈಗೆ ಬಿಳಿ ಬಟ್ಟೆ ಸುತ್ತಿತ್ತು. ಹಲಗೆ ನೋಡಿದಳು, ನನ್ನನ್ನು ನೋಡಿದಳು.

"ಏನಾಯ್ತು ಅಂತ ಕೇಳೋದೂ ಇಲ್ವಾ ಅಕ್ಕ?" ಎಂದಳು.

"ನಿಯಮ ಎಲ್ಲರಿಗೂ ಒಂದೇ," ಎಂದೆ.

ಅವಳು ತಿರುಗಿ ಹೋದಳು. ಆಮೇಲೆ ಚರ್ಚಿಗೂ ಬರಲಿಲ್ಲ, ನಮ್ಮ ಮನೆಗೂ ಬರಲಿಲ್ಲ. ಇರುವುದು ಎರಡು ಬೀದಿ ಆಚೆ. ಕೈ ಸುಟ್ಟಿತ್ತಂತೆ ಎಂದು ಮೂರು ದಿನ ಬಿಟ್ಟು ಯಾರೋ ಹೇಳಿದರು. ಹೋಗಿ ಕೇಳಬೇಕು ಅನ್ನಿಸಿತು. ಆದರೆ ಹೋದರೆ ದಾರ ಬಿಚ್ಚಬೇಕು, ಒಂದು ದಾರ ಬಿಚ್ಚಿದರೆ ನಾಳೆ ಕೊಳಾಯಿಯವನೂ ಬಂದು ನಿಲ್ಲುತ್ತಾನೆ. ಹೀಗೆಲ್ಲ ನನಗೆ ನಾನೇ ಹೇಳಿಕೊಂಡೆ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ? ಒಂದು ತಿಂಗಳು ಆರು ತಿಂಗಳಾಯಿತು, ಆರು ತಿಂಗಳು ಆರು ವರ್ಷವಾಯಿತು.

ಹೀಗಿರುವಾಗ ಹೊಸ ಪಾಸ್ಟರ್ ಬಂದರು. ಸಣಕಲು ಯುವಕ. ಮೊದಲು ಬಸ್ ಕಂಡಕ್ಟರ್ ಆಗಿದ್ದರಂತೆ, ಈಗಲೂ ಪ್ರಾರ್ಥನೆ ಮುಗಿದ ಕೂಡಲೇ ಬಾಯಿತಪ್ಪಿ "ರೈಟ್, ರೈಟ್" ಅನ್ನುತ್ತಾರೆ. ಬಂದು ಎರಡು ತಿಂಗಳು ಹಲಗೆಯನ್ನು ಸುಮ್ಮನೆ ನೋಡಿದರು. ಮೂರನೆಯ ತಿಂಗಳ ಕೊನೆಯ ಭಾನುವಾರ ಪ್ರಸಂಗದ ನಡುವೆ ಇದ್ದಕ್ಕಿದ್ದಂತೆ ಹೇಳಿಬಿಟ್ಟರು.

"ಇವತ್ತಿಂದ ಹಲಗೆ ಬೇಡ. ಪಾಳಿ ಬೇಡ, ದಾರ ಬೇಡ. ದೇವರು ನಮ್ಮನ್ನ ಬಿಡಿಸಿದ್ದು ಇನ್ನೊಂದು ಮೊಳೆಗೆ ನೇತುಹಾಕೋಕಲ್ಲ. ಬರೋರು ಬರಲಿ, ಮನಸ್ಸಿದ್ದೋರು ಮಾಡಲಿ. ಬರದೇ ಇದ್ದೋರ ಮೇಲೆ ದೇವರಿಗೆ ಏನೂ ಸಿಟ್ಟಿಲ್ಲ."

ನಲವತ್ತೆರಡು ಮನೆಯವರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ನನ್ನ ಕಿವಿಯಲ್ಲಿ ಹೊಗೆ ಬಂತೋ ಏನೋ! ಆರಾಧನೆ ಮುಗಿದದ್ದೇ ಬಾಗಿಲಲ್ಲಿ ಅವರನ್ನು ತಡೆದೆ.

"ಎಲ್ಲರೂ ಪಲ್ಲಕ್ಕಿ ಹತ್ತಿದ್ರೆ ಹೊರೋರು ಯಾರು ಪಾಸ್ಟರೇ? ಮುಂದಿನ ವಾರ ಕರ್ತನ ಭೋಜನ ಇದೆ. ಗುಡಿಸೋರಿಲ್ಲ, ರೊಟ್ಟಿ ಇಲ್ಲ, ಗಂಟೆ ಇಲ್ಲ. ಬೆಂಚಿನ ಮೇಲೆ ಬೀದಿ ನಾಯಿ ಮಲಗಿರುತ್ತೆ, ಅದಕ್ಕೇ ಪ್ರಸಂಗ ಮಾಡಿ."

"ಮಾಡ್ತೀನಿ ಅಮ್ಮ," ಎಂದರು ನಗುತ್ತ. "ನಾಯಿಯಾದ್ರೂ ತಾನಾಗೇ ಬಂದಿರುತ್ತಲ್ಲ."

ಇಂಥವರ ಜೊತೆ ಏನು ಜಗಳವಾಡುವುದು? ಇಳಿಸುವುದಿದ್ದರೆ ನಾನೇ ಇಳಿಸುತ್ತೇನೆ, ಬೇರೆ ಯಾರೂ ಮುಟ್ಟಬೇಡಿ ಎಂದೆ. ಎಲ್ಲರೂ ಹೊರಬಂದು ಬಾಗಿಲಿಗೆ ಬೀಗ ಒತ್ತಿದ ಮೇಲೆ ಸ್ಟೂಲು ತಂದು, ಹತ್ತಿ, ಬಿಲ್ಲೆಗಳು ಝಣಝಣ ಎನ್ನುವ ಹಾಗೆಯೇ ಹಲಗೆಯನ್ನು ಎತ್ತಿದೆ. ಅಲ್ಲೇ ಒಂದು ಲೈನಿಂಗ್ ಬಟ್ಟೆಯಲ್ಲಿ ಸುತ್ತಿ, ರಸ್ತೆ ದಾಟಿ ತಂದು, ಅಂಗಡಿಯಲ್ಲಿ ಇಸ್ತ್ರಿ ಮೇಜಿನ ಹಿಂದೆ ಗೋಡೆಗೆ ಒರಗಿಸಿಟ್ಟೆ. ಚರ್ಚಿನ ಗೋಡೆಯಲ್ಲಿ ಎರಡು ಮೊಳೆ, ಅವುಗಳ ಕೆಳಗೆ ಸುಣ್ಣ ಮಾಸದ ಒಂದು ಚೌಕ ಉಳಿಯಿತು.

ಆ ವಾರ ಕಳೆದದ್ದು ನನಗೇ ಗೊತ್ತು. ಬೇರೆ ವಾರಗಳಲ್ಲಿ ಗುರುವಾರದಿಂದಲೇ ಜನ ಅಂಗಡಿಗೆ ಬಂದು ಹಲ್ಲು ಗಿಂಜುತ್ತಿದ್ದರು: ಟೇಪಕ್ಕ, ಈ ವಾರ ಬಿಟ್ಟುಬಿಡಿ, ಟೇಪಕ್ಕ, ನನ್ನದು ನೀರಿಗೆ ಬದಲಾಯಿಸಿ. ಈಗ ಒಬ್ಬರೂ ಇಲ್ಲ. ಎರಡು ಸಲ ತೋಳನ್ನು ತಿರುಗಾಮುರುಗಾ ಹೊಲಿದೆ. ಬುಧವಾರ ಯಜಮಾನರು ಹೊರಗೆ ಹೋಗಿ ಬಂದಾಗ ಅವರ ಅಂಗಿಯಿಂದ ಬಿಸಿ ರೊಟ್ಟಿಯ ಪರಿಮಳ ಬಂತು.

"ಬೇಕರಿ ಹಿಂದಿನ ಬಾಗಿಲ ಬೀಗ ಸಿಕ್ಕಿಹಾಕಿಕೊಂಡಿತ್ತು," ಎಂದರು ಅವರು, ನಾನು ಕೇಳದೇ ಇದ್ದರೂ.

"ಅವಳೇನಂದಳು?" ಎಂದು ಕೇಳಬೇಕೆಂದು ನಾಲಿಗೆ ತುದಿಗೆ ಬಂತು. ಬಾಯಿಗೆ ಬೀಗ ಹಾಕಿಕೊಂಡೆ. ಅವರೇ ಸೂಜಿಯಂಥ ಕಡ್ಡಿಯಿಂದ ಯಾವುದೋ ಬೀಗ ಕೆದಕುತ್ತ, "ಹಲಗೆ ಇಳೀತು ಅಂತ ಮಾತ್ರ ಹೇಳಿದೆ. ಅವಳು ಏನೂ ಅನ್ನಲಿಲ್ಲ. ಹಿಟ್ಟು ನಾದ್ತಾ ಇದ್ದಳು," ಎಂದರು.

ಈಗ ನಿಜ ಹೇಳುತ್ತೇನೆ, ನಾಚಿಕೆ ಬಿಟ್ಟು. ಆ ಭಾನುವಾರ ಯಾರೂ ಬರಬಾರದು ಎಂದು ನಾನು ಬಯಸಿದ್ದೆ. ಹಲಗೆಯಿಲ್ಲದೆ ಸಭೆ ನಡೆಯದು ಎಂದಾದರೆ ನಾನು ತಂಗಿಗೆ ಕಟ್ಟಿದ ದಾರ ಸರಿ. ಹಲಗೆಯಿಲ್ಲದೆಯೂ ನಡೆದುಹೋದರೆ? ಆಗ ಒಂದು ಗೇಣು ದಾರಕ್ಕಾಗಿ ನಾನು ಅವಳನ್ನು ಆರು ವರ್ಷ ಕಳೆದುಕೊಂಡ ಹಾಗಾಯಿತು. ಅದನ್ನು ತಡೆದುಕೊಳ್ಳುವ ಎದೆ ನನಗಿರಲಿಲ್ಲ. ದೇವರ ಮನೆಯ ಎದುರಿಗೇ ಕೂತು, ದೇವರ ಮನೆಯಲ್ಲಿ ಕಸ ಹಾಗೇ ಬಿದ್ದಿರಲಿ ಎಂದು ಬೇಡಿಕೊಂಡ ಪಾಪಿ ನಾನು.

ಹಾಗಾಗಿ ಭಾನುವಾರ ಬೆಳಗ್ಗೆ ಐದೂವರೆಗೇ ಎದ್ದು, ಕೆಳಗೆ ಬಂದು, ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡೆ. ಒಂದು ಕಡ್ಡಿಯನ್ನೂ ಆಚೆಯಿಂದ ಈಚೆಗೆ ಇಡುವುದಿಲ್ಲ, ಬರೀ ನೋಡುತ್ತೇನೆ. ಆರಾಧನೆ ಒಂಬತ್ತಕ್ಕೆ. ಪಾಸ್ಟರ್ ಪಕ್ಕದೂರಿನ ಸಭೆಯಲ್ಲಿ ಬೆಳಗಿನ ಪ್ರಾರ್ಥನೆ ಮುಗಿಸಿ ಬಸ್ಸಿನಲ್ಲಿ ಬರುವುದೂ ಒಂಬತ್ತಕ್ಕೇ. ಬಂದು ನೋಡಲಿ ಅವರ ಸ್ವಾತಂತ್ರ್ಯವನ್ನು!

ಆರಾಯಿತು. ಯಾರೂ ಇಲ್ಲ. ನನಗೆ ಗೆದ್ದ ಖುಷಿ. ಆರೂಕಾಲಾಯಿತು, ಆಗಲೇ ಆ ಒಂಬತ್ತು ದಾರದ ಕೊಳಾಯಿಯವನು ಪೊರಕೆ ಹಿಡಿದು ಪ್ರತ್ಯಕ್ಷನಾದದ್ದು.

"ರೀ! ಬನ್ನಿ ಇಲ್ಲಿ! ನೋಡಿ ಇವನನ್ನ!" ಎಂದು ಕೂಗಿದೆ. ಯಜಮಾನರು ಟೀ ಲೋಟ ಹಿಡಿದು ಮೆಟ್ಟಿಲಿಳಿದು ಬಂದರು.

ಕೊಳಾಯಿಯವನು ಜಗಲಿ ಹತ್ತಿದ, ಬಾಗಿಲ ಪಕ್ಕದ ಗೋಡೆಯನ್ನು ಕೈಯಿಂದ ಸವರಿದ, ತಲೆ ಕೆರೆದುಕೊಂಡ, ಮೆಟ್ಟಿಲ ಮೇಲೆ ಕೂತ. ಕೆಲಸ ಶುರು ಮಾಡಲಿಲ್ಲ. ಐದು ನಿಮಿಷಕ್ಕೆ ಲೆಕ್ಕದ ಮೇಷ್ಟ್ರು ಬಂದರು, ಕೈಯಲ್ಲಿ ಬಕೆಟ್ಟು, ಬಕೆಟ್ಟಿನೊಳಗೆ ಪೊರಕೆ. ಅವರೂ ಗೋಡೆ ನೋಡಿದರು, ಅವರೂ ಕೂತರು. ಆಸ್ಪತ್ರೆಯ ಪಾಳಿ ಮುಗಿಸಿ ಸಮವಸ್ತ್ರದಲ್ಲೇ ನರ್ಸಮ್ಮ ಓಡಿ ಬಂದಳು, ಎದೆಗೆ ಅವಚಿಕೊಂಡಿದ್ದ ಪೊಟ್ಟಣದಲ್ಲಿ ರೊಟ್ಟಿ. ಗಾಜಿನವರು ಸಂಸಾರ ಸಮೇತ ಬಂದರು, ಅವರ ಹೆಂಡತಿಯ ಕೈಯಲ್ಲೂ ರೊಟ್ಟಿ! ಏಳು ಗಂಟೆಯ ಹೊತ್ತಿಗೆ ನಾನು ಎಣಿಸಿದೆ, ಹನ್ನೊಂದು ಪೊರಕೆ, ಏಳು ರೊಟ್ಟಿ, ಮೂವತ್ತಕ್ಕೂ ಮಿಕ್ಕಿ ಜನ. ಪಾಪ, ಇನ್ಯಾರೂ ಬರುವುದಿಲ್ಲ, ನಾನಾದರೂ ಹೋಗೋಣ ಎಂದು ಒಬ್ಬೊಬ್ಬರೂ ಮನೆಯಲ್ಲಿ ಅಂದುಕೊಂಡು ಹೊರಟಿದ್ದರಂತೆ! ಒಬ್ಬರನ್ನೊಬ್ಬರು ನೋಡಿ ನಗಲು ಶುರು ಮಾಡಿದರು. ಗುಡಿಸುವುದು ಯಾರು ಎಂದು ಮೇಷ್ಟ್ರಿಗೂ ಕೊಳಾಯಿಯವನಿಗೂ ಜಗಳವೇ ಆಯಿತು.

"ನಾನು ಮೊದಲು ಬಂದಿದ್ದು ಮೇಷ್ಟ್ರೇ, ನಾನೇ ಗುಡಿಸೋದು!"

"ಒಂಬತ್ತು ಸಲ ತಪ್ಪಿಸಿಕೊಂಡೋನು ನೀನು. ಸುಮ್ನೆ ಕೂತ್ಕೊಳೋ!"

ನನಗೆ ಅರ್ಧ ಉರಿ, ಅರ್ಧ ಕುಣಿತ. ಇಷ್ಟು ವರ್ಷ ಗುಡಿಸಲು ಬಂದವರ ಮುಖದಲ್ಲಿ ನಾನು ನಗು ಕಂಡದ್ದೇ ಇಲ್ಲ. ಆದರೂ ಒಂದು ಸಮಾಧಾನವಿತ್ತು, ಯಾರೂ ಒಳಗೆ ಹೋಗುತ್ತಿರಲಿಲ್ಲ. ಏಳೂಕಾಲಾಯಿತು, ಏಳೂವರೆಯಾಯಿತು. ಎಲ್ಲರೂ ಜಗಲಿಯಲ್ಲೇ ನಿಂತು ಮಾತಾಡುತ್ತಿದ್ದಾರೆ. ನಗು ಕಡಿಮೆಯಾಗುತ್ತ ಬಂತು. ಕೊಳಾಯಿಯವನು ಮಾತ್ರ ಒಮ್ಮೆ ರಸ್ತೆ ದಾಟಿ ನಮ್ಮ ಬಾಗಿಲ ತನಕ ಬಂದ, "ಅಣ್ಣ, ಆ ಬೀಗ..." ಎಂದು ಯಜಮಾನರ ಕಡೆ ಬಾಯಿ ತೆಗೆದ, ಕಿಟಕಿಯಲ್ಲಿ ನನ್ನ ಮುಖ ಕಂಡದ್ದೇ ತಡ, ಹಾಗೇ ಹಿಂದೆ ಹೋದ.

"ನೋಡಿದ್ರಾ?" ಎಂದೆ ನಾನು. "ಬರೋದು ದೊಡ್ಡದಲ್ಲ. ಕೆಲಸ ಮಾಡ್ಬೇಕಲ್ಲ. ಬಾಯಿ ಮಾತಲ್ಲಿ ಗುಡಿಸ್ತಾ ಇದ್ದಾರೆ ಎಲ್ಲಾ."

ಯಜಮಾನರು ಬೀದಿಯ ತಿರುವಿನ ಕಡೆ ನೋಡುತ್ತಿದ್ದರು. ನಾನೂ ನೋಡಿದೆ.

ನನ್ನ ತಂಗಿ ಬರುತ್ತಿದ್ದಳು.

ಕುರ್ಚಿಯಿಂದ ಎದ್ದೇಬಿಟ್ಟೆ. ಆರು ವರ್ಷದಲ್ಲಿ ಕೂದಲು ಬೆಳ್ಳಗಾಗಿತ್ತು, ನಡಿಗೆ ಅದೇ. ಬಿಳಿ ಬಟ್ಟೆಯಲ್ಲಿ ಸುತ್ತಿದ ಗುಂಡನೆಯ ಗಂಟನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು, ಇನ್ನೂ ಹಬೆಯಾಡುತ್ತಿತ್ತೋ ಏನೋ. ರಸ್ತೆಯ ದೀಪದ ಕಂಬದ ಹತ್ತಿರ ಬಂದು ನಿಂತಳು. ಗುಂಪನ್ನು ನೋಡಿದಳು. ಮುಚ್ಚಿದ ಬಾಗಿಲನ್ನು ನೋಡಿದಳು. ಗೋಡೆಯ ಆ ಬೆಳ್ಳನೆಯ ಚೌಕವನ್ನು ತುಂಬ ಹೊತ್ತು ನೋಡಿದಳು. ಆಮೇಲೆ ಬಾಗಿಲು ಇನ್ನೂ ತೆರೆಯದ್ದು ಕಂಡು, ತನ್ನನ್ನು ಯಾರೂ ಗಮನಿಸುವ ಮೊದಲೇ ಹೋಗಿಬಿಡೋಣ ಅನ್ನುವವಳ ಹಾಗೆ ಒಂದು ಹೆಜ್ಜೆ ಹಿಂದೆ ಸರಿದಳು.

ಹಲಗೆ, ನಿಯಮ, ಗೆಲುವು, ಸೋಲು ಎಲ್ಲ ನನ್ನ ತಲೆಯಿಂದ ಹಾರಿಹೋದವು. ಒಂದೇ ಒಂದು ಉಳಿಯಿತು: ಅವಳು ಹೋಗಬಾರದು!

"ಹೋಗ್ತಾಳೆ ರೀ! ಅವಳು ವಾಪಸ್ ಹೋಗ್ತಾಳೆ! ಏನು ಜನ ಇವರು, ಬಾಗಿಲು ತೆಗೆಯೋಕೇನು ಧಾಡಿ? ಹೋಗಿ ನೀವಾದ್ರೂ ತೆಗೀರಿ, ಎರಡು ನಿಮಿಷದ ಕೆಲಸ ನಿಮಗೆ!"

"ನಾನು ತೆಗೆಯಲ್ಲ," ಎಂದರು ಯಜಮಾನರು, ಟೀ ಹೀರುತ್ತ. "ಬೀಗ ಕೆಟ್ಟಿಲ್ಲವಲ್ಲ."

"ಮತ್ತೆ ಕೀ ಹಾಕಿ ತೆಗೀಬಾರ್ದಾ ಅವರು?"

"ಕೀ ಎಲ್ಲಿರುತ್ತೆ?"

"ಇದೇನು ಕೇಳ್ತೀರಿ? ಹದಿನೆಂಟು ವರ್ಷದಿಂದ ಇರೋ ಕಡೆ. ಹಲಗೆ ಹಿಂದಿನ ಕೊಕ್ಕೆಯಲ್ಲಿ."

"ಹಲಗೆ ಎಲ್ಲಿದೆ?"

ನಾನು ನಿಧಾನವಾಗಿ ಇಸ್ತ್ರಿ ಮೇಜಿನ ಕಡೆ ತಿರುಗಿದೆ. ಅಯ್ಯೋ ದೇವರೇ! ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ, ಹಾಗಾಯಿತು ನನ್ನ ಕತೆ. ಇಡೀ ಸಭೆಗೆ ಗೊತ್ತಿತ್ತು ಕೀ ಎಲ್ಲಿದೆ ಎಂದು. ಬಂದವರೆಲ್ಲ ಗೋಡೆ ಸವರಿ ನೋಡಿದ್ದು ಅದಕ್ಕೇ. ನನ್ನನ್ನು ಕೇಳುವ ಧೈರ್ಯ ಮಾತ್ರ ಒಬ್ಬರಿಗೂ ಇರಲಿಲ್ಲ. ಯಾರೂ ಸೇವೆಗೆ ಬರುವುದಿಲ್ಲ ಎಂದು ಕಾಯುತ್ತ ಕೂತವಳು ನಾನು, ಬಂದವರನ್ನೆಲ್ಲ ಹೊರಗೆ ನಿಲ್ಲಿಸಿದವಳೂ ನಾನೇ!

ಲೈನಿಂಗ್ ಬಟ್ಟೆಯನ್ನು ಬಿಚ್ಚಲಿಲ್ಲ, ಹರಿದೆ. ಬಿಲ್ಲೆಗಳು ಚೆಲ್ಲಾಪಿಲ್ಲಿಯಾದವು. ಹಲಗೆ ತಿರುಗಿಸಿದರೆ ಕೊಕ್ಕೆಯಲ್ಲಿ ಕೀ ತಣ್ಣಗೆ ತೂಗುತ್ತಿತ್ತು. ಅದನ್ನು ಕಿತ್ತುಕೊಂಡು ಓಡಬೇಕು ಎನ್ನುವಾಗ ಪಾದದ ಹತ್ತಿರ ಒಂದೇ ದಾರದ ಬಿಲ್ಲೆ ಕಂಡಿತು. ಎತ್ತಿಕೊಂಡೆ. ಕತ್ತರಿ ಹುಡುಕುವಷ್ಟು ಹೊತ್ತೆಲ್ಲಿ? ಹೊಲಿಗೆಯವರಿಗೆ ಕತ್ತರಿ ದೂರವಿದ್ದರೆ ಹಲ್ಲೇ ಕತ್ತರಿ. ದಾರವನ್ನು ಕಚ್ಚಿ ತುಂಡರಿಸಿ, ಬಿಲ್ಲೆಯನ್ನು ಮೇಜಿನ ಮೇಲೆಸೆದು ಓಡಿದೆ.

ಐವತ್ತೆಂಟು ವರ್ಷದ ಹೆಂಗಸು ಮನೆಯೊಳಗಿನ ಚಪ್ಪಲಿಯಲ್ಲಿ, ಕತ್ತಿನ ಟೇಪು ಗಾಳಿಗೆ ಹಾರುತ್ತ, ಕೀ ಎತ್ತಿ ಹಿಡಿದುಕೊಂಡು, "ಪುಟ್ಟಿ, ನಿಲ್ಲೇ! ನಿಲ್ಲೇ ಅಂದೆ!" ಎಂದು ಕಿರುಚುತ್ತ ರಸ್ತೆ ದಾಟುವುದನ್ನು ಬೀದಿಯೆಲ್ಲ ನೋಡಿತು. ನೋಡಲಿ! ಸೈಕಲಿನವನೊಬ್ಬ ಬ್ರೇಕು ಹಾಕಿ ಬಯ್ದ. ಬಯ್ಯಲಿ!

ಅವಳು ನಿಂತಳು. ನಾನು ಏದುಸಿರು ಬಿಡುತ್ತ ಅವಳ ಮುಂದೆ ನಿಂತೆ. ಕೀಯನ್ನು ಅವಳ ಕಡೆ ಚಾಚಿದೆ. ಅವಳು ಎರಡೂ ಕೈಯಲ್ಲಿದ್ದ ರೊಟ್ಟಿಯ ಗಂಟನ್ನು ಸ್ವಲ್ಪ ಎತ್ತಿ ತೋರಿಸಿದಳು, ಕೈ ಖಾಲಿಯಿಲ್ಲ ಎಂಬ ಹಾಗೆ. ಹಾಗಾದರೆ ಬಾ ಎಂದು ಅವಳ ಮೊಣಕೈ ಹಿಡಿದುಕೊಂಡೇ ಜಗಲಿ ಹತ್ತಿದೆ. ಜನ ಎರಡು ಕಡೆಗೂ ಸರಿದು ದಾರಿ ಬಿಟ್ಟರು. ಕೊಳಾಯಿಯವನು ಪೊರಕೆಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ, ಕದ್ದ ಮಾಲೋ ಎಂಬಂತೆ.

ಬೀಗಕ್ಕೆ ಕೀ ಹಾಕಿದೆ. ಹೋಗುತ್ತಿಲ್ಲ. ಒತ್ತಿದೆ, ಅಲ್ಲಾಡಿಸಿದೆ, ಬೀಗವನ್ನು ಬಯ್ದೆ. ಹಿಂದಿನಿಂದ ಆರು ವರ್ಷದ ಮೇಲೆ ಮೊದಲ ಮಾತು ಬಂತು.

"ಮೊದಲು ಬಾಯಲ್ಲಿರೋ ದಾರ ಉಗಿ ಅಕ್ಕ. ಕೀ ತಲೆಕೆಳಗೆ ಹಿಡಿದಿದ್ದೀಯ."

ನರ್ಸಮ್ಮ ಮೊದಲು ನಕ್ಕದ್ದು. ಆಮೇಲೆ ಮೇಷ್ಟ್ರು. ಆಮೇಲೆ ಜಗಲಿಗೆ ಜಗಲಿಯೇ ನಕ್ಕಿತು. ನಾನು ತುಟಿಗೆ ಅಂಟಿದ್ದ ಕೆಂಪು ದಾರ ಉಗಿದು, ಕೀ ತಿರುಗಿಸಿ ಹಾಕಿದೆ. ಬಾಗಿಲು ತೆರೆಯಿತು.

ಆಮೇಲೆ ನಡೆದದ್ದನ್ನು ಕೆಲಸ ಅನ್ನಲಾರೆ, ಜಾತ್ರೆ ಅನ್ನಬೇಕು. ಹನ್ನೊಂದು ಪೊರಕೆಗೆ ಇಪ್ಪತ್ತು ಬೆಂಚು ಯಾವ ಲೆಕ್ಕ? ಒಬ್ಬರು ಗುಡಿಸಿದ ಕಡೆ ಇನ್ನೊಬ್ಬರು ಗುಡಿಸಿದರು. ಗಾಜಿನವರು ಯಾರೂ ಹೇಳದೆ ಕಿಟಕಿ ಹತ್ತಿ, ಹದಿನೆಂಟು ವರ್ಷದಲ್ಲಿ ನನ್ನ ಹಲಗೆಗೇ ಹೊಳೆಯದಿದ್ದ ಗಾಜುಗಳನ್ನು ಒರೆಸಿದರು. ಬೆಳಕು ಬೆಂಚಿನ ಮೇಲೆಲ್ಲ ಚೆಲ್ಲಿತು. ಕರ್ತನ ಭೋಜನದ ಮೇಜಿನ ಮೇಲೆ ಎಂಟು ರೊಟ್ಟಿ ಸಾಲಾಗಿ ಕೂತವು. ನಡುವಿನದು ನನ್ನ ತಂಗಿಯದು. ಅದನ್ನು ಅಲ್ಲಿ ಇಟ್ಟವಳು ನಾನಲ್ಲ, ನರ್ಸಮ್ಮ. ತನ್ನ ರೊಟ್ಟಿಯನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿಕೊಟ್ಟಳು.

ನಾನು ನಡುವೆ ಕಂಬದ ಹಾಗೆ ನಿಂತಿದ್ದೆ. ಇಲ್ಲಿ ಹೋದರೆ ಅಡ್ಡ, ಅಲ್ಲಿ ಹೋದರೆ ಅಡ್ಡ. ಬೆರಳು ತೋರಿಸಿ ಅಭ್ಯಾಸವಿದ್ದ ಕೈಗೆ ಏನು ಮಾಡಬೇಕೆಂದೇ ತಿಳಿಯಲಿಲ್ಲ.

"ನನಗೇನಾದ್ರೂ ಕೆಲಸ ಇದೆಯಾ?" ಎಂದು ಕೇಳಿದೆ. ನನ್ನ ಧ್ವನಿ ನನಗೇ ಹೊಸದಾಗಿ ಕೇಳಿಸಿತು.

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಏನೂ ಉಳಿದಿರಲಿಲ್ಲ. ಕೊನೆಗೆ ಕೊಳಾಯಿಯವನೇ, ತಪ್ಪಿಸಿಕೊಳ್ಳಲು ಬಾಗಿಲ ಕಡೆ ಒಂದು ಕಾಲು ಇಟ್ಟುಕೊಂಡು, "ಅದು... ಟೇಪಕ್ಕ... ಹಿಂದಿನ ಶೌಚಾಲಯ ಮಾತ್ರ ಯಾರೂ..." ಎಂದ.

ನಾನು ಸ್ಫೋಟಿಸುತ್ತೇನೆ ಎಂದು ಅವರೆಲ್ಲ ಕಾದರು. ನನಗೆ ನೆನಪಾದದ್ದು ಬೇರೆ. ನಲವತ್ತೆರಡು ಮನೆಯವರನ್ನೂ ಸರದಿಯಂತೆ ಆ ಕೆಲಸಕ್ಕೆ ಕಳಿಸಿದವಳು ನಾನು. ನಲವತ್ತೆರಡರಲ್ಲಿ ನಮ್ಮ ಮನೆಯ ಬಿಲ್ಲೆಯೂ ಇತ್ತು, ಆದರೆ ಅದರ ಮೇಲಿದ್ದದ್ದು ಯಜಮಾನರ ಹೆಸರು. ಹೋಗುತ್ತಿದ್ದವರೂ ಅವರೇ. ನನ್ನ ಹೆಸರು ಆ ಹಲಗೆಯಲ್ಲಿ ಎಂದೂ ಇರಲೇ ಇಲ್ಲ. ಹದಿನೆಂಟು ವರ್ಷ ದೇವರ ಮನೆಯ ಕೆಲಸವನ್ನು ಹಂಚಿದ್ದೆ, ಒಂದು ದಿನವೂ ಮಾಡಿರಲಿಲ್ಲ.

"ಕೊಡೋ ಆ ಪೊರಕೆ," ಎಂದೆ. ಎಂಥ ಖುಷಿಯಿಂದ ಎಂದೆ ಗೊತ್ತೇ! ಹೊಸ ಬಟ್ಟೆ ಸಿಕ್ಕ ಮಗುವಿನ ಹಾಗೆ ಕಾಲು ನಿಲ್ಲುತ್ತಿರಲಿಲ್ಲ. ಹೊರಗೆ ಬಂದು, ಕತ್ತಿನ ಟೇಪು ತೆಗೆದು, ಹಲಗೆಯಿದ್ದ ಮೊಳೆಗೆ ನೇತುಹಾಕಿ, ಸೆರಗು ಸಿಕ್ಕಿಸಿ ಹಿಂದಕ್ಕೆ ಹೋದೆ.

ಎರಡು ಶೌಚಾಲಯ. ಒಂದನ್ನು ಅರ್ಧ ಉಜ್ಜುವಷ್ಟರಲ್ಲಿ ಹಿಂದೆ ಬಕೆಟ್ಟು ಇಟ್ಟ ಸದ್ದಾಯಿತು. ನೀರು ತುಂಬಿಕೊಂಡು ತಂಗಿ ನಿಂತಿದ್ದಳು.

"ನೀನು ಉಜ್ಜು, ನಾನು ನೀರು ಹಾಕ್ತೀನಿ," ಎಂದಳು.

ಅವಳು ಚೊಂಬಿನಿಂದ ನೀರು ಹೊಯ್ದಾಗ ಬಲಗೈ ಕಂಡಿತು. ಮಣಿಕಟ್ಟಿನಿಂದ ಮೊಣಕೈಯ ತನಕ ಚರ್ಮ ಸುಕ್ಕುಗಟ್ಟಿ ಹೊಳೆಯುತ್ತಿತ್ತು.

ಪೊರಕೆ ಕೆಳಗಿಟ್ಟೆ. "ಪುಟ್ಟಿ, ಅವತ್ತು ಕೇಳಲಿಲ್ಲ ನಾನು. ಈಗ ಕೇಳ್ತೀನಿ. ಏನಾಯ್ತು ಅವತ್ತು?"

ಅವಳು ಚೊಂಬನ್ನು ಕೆಳಗಿಟ್ಟಳು. "ಒಲೆ ಬಾಗಿಲು ಕಳಚಿ ಕೈ ಮೇಲೆ ಬಿತ್ತು. ರೊಟ್ಟಿ ತೆಗೀತಾ ಇದ್ದೆ. ರೊಟ್ಟಿಗೆ ಏನೂ ಆಗಲಿಲ್ಲ, ಚೆನ್ನಾಗೇ ಬಂದಿತ್ತು. ಆಸ್ಪತ್ರೆ ಬೆಂಚಿನ ಮೇಲೆ ಅದನ್ನ ತೊಡೆ ಮೇಲೆ ಇಟ್ಕೊಂಡೇ ಕೂತಿದ್ದೆ ಅಕ್ಕ. ಯಾರಾದ್ರೂ ಬಂದು ತಗೊಂಡು ಹೋಗ್ತಾರೆ ಅಂತ."

ನಾನು ಅತ್ತೆ. ಅದರಲ್ಲಿ ಮುಚ್ಚುಮರೆ ಏನಿದೆ, ಶೌಚಾಲಯದ ಒದ್ದೆ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಹೋ ಎಂದು ಅತ್ತೆ. ಅವಳ ಆ ಕೈಯನ್ನು ನನ್ನ ಎರಡೂ ಕೊಳಕು ಕೈಗಳಲ್ಲಿ ಹಿಡಿದುಕೊಂಡು, ತಪ್ಪಾಯಿತು, ತಪ್ಪಾಯಿತು ಎಂದೆ. ಅವಳು ಕೈ ಎಳೆದುಕೊಳ್ಳಲಿಲ್ಲ.

ಅಷ್ಟರಲ್ಲಿ ಗಂಟೆ ಶುರುವಾಯಿತು. ಒಂದೇ ಹಗ್ಗಕ್ಕೆ ಮೂವರು ಜೋತುಬಿದ್ದಿದ್ದರೆಂದು ಆಮೇಲೆ ತಿಳಿಯಿತು. ತಾಳವಿಲ್ಲ, ಲಯವಿಲ್ಲ, ಬೀದಿಗೆ ಬೀದಿಯೇ ಎದ್ದು ಬರುವಂಥ ಗದ್ದಲ. ಬಸ್ಸಿಳಿದು ಬಂದ ಪಾಸ್ಟರ್ ಬಾಗಿಲಲ್ಲಿ ನಿಂತು "ರೈಟ್, ರೈಟ್!" ಎಂದು ಕೂಗಿದ್ದು ಹಿಂದಿನವರೆಗೂ ಕೇಳಿಸಿತು.

"ಇಷ್ಟು ವರ್ಷ ಬರಲಿಲ್ಲ, ಇವತ್ತು ಯಾಕೆ ಬಂದೆ ಪುಟ್ಟಿ?" ಎಂದು ಕೇಳಿದೆ, ಮೂಗು ಒರೆಸಿಕೊಳ್ಳುತ್ತ.

ಅವಳು ಚೊಂಬನ್ನು ಬಕೆಟ್ಟಿನಲ್ಲಿ ಮುಳುಗಿಸಿದಳು.

"ಇವತ್ತು ನನ್ನ ಪಾಳಿ ಇರಲಿಲ್ಲವಲ್ಲ ಅಕ್ಕ. ಅದಕ್ಕೇ ಬಂದೆ," ಎಂದಳು. "ಉಜ್ಜು, ಇನ್ನೊಂದು ಬಾಕಿ ಇದೆ."